ಅತ್ತೆ ಕೇಳಿದ ಬಾರ್ಲಿ ಹಾಡು

ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿಯೇ ಬರುತ್ತದೆ. ಆದರೆ ಎದುರಿನವರ ಬಾಯಿಂದ ಇಂಗ್ಲಿಷಾಗಿ ಹೊರಟ ಮಾತು ಅವಳ ಕಿವಿ ಮುಟ್ಟುವಷ್ಟರಲ್ಲಿ ಕನ್ನಡವಾಗಿರುತ್ತದೆ. ಅದೂ ಅಪ್ಪಟ ಧಾರವಾಡದ ಕನ್ನಡ! ಅದಕ್ಕೆ ಅವಳೇನು ಮಾಡಬೇಕು? ಲಂಡನ್ನಿಗೆ ಬಂದು ಇಪ್ಪತ್ತು ವರ್ಷವಾದರೂ ಕಿವಿ ಮಾತ್ರ ಊರಿನಲ್ಲೇ ಉಳಿದುಕೊಂಡರೆ ಯಾರ ತಪ್ಪು?

ಅತ್ತೆ ನನ್ನ ತಂದೆಯ ತಂಗಿ. ಮನೆ ಫೆಲ್ಥಮ್‌ನಲ್ಲಿ. ತೊಂಬತ್ತರ ದಶಕದ ಆ ದಿನಗಳಲ್ಲಿ ಅವಳಿಗೆ ವಿಮಾನಗಳಿಗೆ ಊಟ ಕಳಿಸುವ ಒಂದು ದೊಡ್ಡ ಅಡುಗೆಮನೆಯಲ್ಲಿ ಕೆಲಸ. ಮಾಮಾ, ಅಂದರೆ ಅವಳ ಗಂಡ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದರು. ಮಾಮಾ ಮಾತಾಡಿದ್ದನ್ನು ಕೇಳಿದವರು ಕಡಿಮೆ. ಮುಂಗೋಪವೂ ಅಲ್ಲ, ಗರ್ವವೂ ಅಲ್ಲ. ಇಬ್ಬರ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದುದರಿಂದ ಅವರಿಗೆ ಉಳಿಯುತ್ತಿರಲಿಲ್ಲ, ಅಷ್ಟೇ. ನಾನು ರೇನರ್ಸ್ ಲೇನ್‌ನಲ್ಲಿದ್ದೆ, ಕೌನ್ಸಿಲ್ ಆಫೀಸಿನಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ ಅತ್ತೆಯ ಕೈಯ ರೊಟ್ಟಿ, ಎಣ್ಣೆಗಾಯಿ ಉಣ್ಣಲು ಹೆಂಡತಿ ಮಗನ ಜೊತೆ ಫೆಲ್ಥಮ್‌ಗೆ ಹಾಜರ್. ಹಾಗಾಗಿ ಈ ಪ್ರಕರಣಕ್ಕೆಲ್ಲ ನಾನೇ ಸಾಕ್ಷಿ, ಕಣ್ಣಾರೆ ಕಂಡದ್ದಕ್ಕೂ ಅತ್ತೆಯ ಬಾಯಿಂದ ಕೇಳಿದ್ದಕ್ಕೂ.

ಅವಳ ಅಡುಗೆಮನೆಯಲ್ಲಿ ಟ್ರಾಲಿ ತಳ್ಳುವ ಬ್ಯಾರಿ ಎಂಬ ಆಂಗ್ಲ ಗೃಹಸ್ಥನೊಬ್ಬನಿದ್ದ. ದಿನಕ್ಕೆ ಐವತ್ತು ಸಲ ಯಾರಾದರೂ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಕೂಗಿದಾಗಲೆಲ್ಲ ಅತ್ತೆ ಕೈಯಲ್ಲಿದ್ದ ತಟ್ಟೆ ಇಟ್ಟು ಹೋಗಿ ನಿಲ್ಲುತ್ತಿದ್ದಳು. ಅವಳಿಗೆ ಕೇಳಿಸುತ್ತಿದ್ದದ್ದು ‘ಬರ್ರಿ.’ ತಿಂಗಳೊಪ್ಪತ್ತಿನಲ್ಲಿ ಎಲ್ಲರಿಗೂ ಗೊತ್ತಾಯಿತು, ಬ್ಯಾರಿಯನ್ನು ಕರೆದರೆ ಬ್ಯಾರಿಗಿಂತ ಮೊದಲು ಈ ಹೆಂಗಸು ಬರುತ್ತಾಳೆ, ಕೆಲಸವನ್ನೂ ಅವನಿಗಿಂತ ಚೆನ್ನಾಗಿ ಮಾಡುತ್ತಾಳೆ ಎಂದು. ಬಿಳಿಯರು ಬಹಳ ಮರ್ಯಾದಸ್ಥರು, ಒಬ್ಬರೂ ಏಕವಚನದಲ್ಲಿ ಕರೆಯುವುದಿಲ್ಲ ಎಂದು ಅತ್ತೆ ಊರಿಗೆ ಪತ್ರ ಬರೆದಳು.

ಆಮೇಲೆ ಒಂದು ಡಿಸೆಂಬರಿನಲ್ಲಿ ಕ್ಯಾಂಟೀನಿನ ಕ್ರಿಸ್ಮಸ್ ಅಲಂಕಾರಕ್ಕೆ ಒಬ್ಬೊಬ್ಬರು ಒಂದೊಂದು ಸಾಮಾನು ತರಬೇಕೆಂದು ಮೇಲ್ವಿಚಾರಕಿ ಹಂಚಿಕೊಟ್ಟಳು. ಅತ್ತೆಯ ಪಾಲಿಗೆ ಬಂದದ್ದು ‘ಹಾಲಿ.’ ಅದೊಂದು ಮುಳ್ಳೆಲೆಯ ಗಿಡ, ಕೆಂಪು ಹಣ್ಣಿನ ಟೊಂಗೆ ತಂದು ಗೋಡೆಗೆ ಸಿಕ್ಕಿಸುತ್ತಾರೆ. ಅತ್ತೆ ಮಾಮಾನನ್ನು ಕರೆದುಕೊಂಡು ವೆಂಬ್ಲಿಗೆ ಹೋಗಿ, ಗುಜರಾತಿ ಅಂಗಡಿಯವನ ಪ್ರಾಣ ತಿಂದು, ಹಿಂದಿನ ಮಾರ್ಚಿನಲ್ಲಿ ಉಳಿದು ಮೂಲೆ ಸೇರಿದ್ದ ಗುಲಾಲಿನ ಎರಡು ಚೀಲ ಹೊರಗೆ ತೆಗೆಸಿದಳು. ಊಟ ತಯಾರಾಗುವ ಜಾಗಕ್ಕೆ ಗುಲಾಬಿ ಬಣ್ಣದ ಪುಡಿ ಬಂದದ್ದನ್ನು ನೋಡಿ ಮೇಲ್ವಿಚಾರಕಿ ಬೆಳ್ಳಗಾದಳು. ಮೊದಲೇ ಬೆಳ್ಳಗಿದ್ದಳು, ಇನ್ನಷ್ಟು ಬೆಳ್ಳಗಾದಳು. ಅತ್ತೆ ಮಾತ್ರ ನನ್ನ ಮುಂದೆ ಶಾಂತವಾಗಿ ಹೇಳಿದಳು: “ಚಳಿಗಾಲದಾಗ ಹೋಳಿ ಆಡೋದು ಇವ್ರ ಕಡೆ ಪದ್ಧತಿ ಇರಬೇಕು ಅಂತ ತಿಳ್ಕೊಂಡೆ. ದೇವರು ಬ್ಯಾರೆ, ಹಬ್ಬ ಬ್ಯಾರೆ. ನಾವ್ಯಾಕ ಕೇಳೂಣು?”

ಈ ಅಲಂಕಾರ ನಡೆದದ್ದು ಕೆಲಸಗಾರರ ಕ್ರಿಸ್ಮಸ್ ಊಟಕ್ಕಾಗಿ. ಆ ಊಟದ ದಿನ ಮಧ್ಯಾಹ್ನವೇ ನಮ್ಮ ನಿಜವಾದ ಕಥೆ ಶುರುವಾಗುವುದು.

ಊಟದ ಜೊತೆ ಹಾಡಲಿಕ್ಕೆ ಸ್ಥಳೀಯ ಬ್ಯಾಂಡೊಂದನ್ನು ಕರೆಸಿದ್ದರು. ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತ ನುಡಿಸುವವರು. ಬ್ಯಾಂಡಿನ ಹೆಸರಿನಲ್ಲಿ ಕುದುರೆ ಏನೋ ಇತ್ತು. ನಾಲ್ವರಲ್ಲಿ ಒಬ್ಬನೂ ಕುದುರೆ ಹತ್ತಿದವನಲ್ಲ. ಗಿಟಾರ್ ಹಿಡಿದು ಹಾಡುವ ರಾನ್ ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತಿಹಾಕುವವನು. ಡ್ರಮ್ಮಿನವನು ಬಸ್ಸು ಹೊಡೆಯುವವನು. ಪಿಟೀಲಿನವನು ಎಸ್ಕಲೇಟರ್ ರಿಪೇರಿಯವನು. ಬ್ಯಾಂಜೋದವನು ಏನು ಮಾಡುತ್ತಿದ್ದನೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ನಾಲ್ವರ ತಲೆಯ ಮೇಲೂ ಕೊಡೆಯಂಥ ಹ್ಯಾಟು.

ಊಟದ ನಡುವೆ ಅವರು ತಮ್ಮದೇ ಒಂದು ಪ್ರೇಮಗೀತೆ ಎತ್ತಿಕೊಂಡರು. ಕುಣಿಯುವ ಲಯದ ಖುಷಿಯ ಹಾಡು. ಹುಡುಗನೊಬ್ಬ ಹುಡುಗಿಯನ್ನು ಬಾರ್ಲಿಯ ಹೊಲಕ್ಕೆ ಕರೆಯುತ್ತಾನೆ. ಪೈರು ಎದೆಯೆತ್ತರ ಬೆಳೆದಿದೆ, ಕೊಯ್ಲಿಗೆ ಮುಂಚೆ ಬಂದುಬಿಡು ಎನ್ನುತ್ತಾನೆ. ಪಲ್ಲವಿಯಲ್ಲಿ ‘ಬಾರ್ಲಿ, ಬಾರ್ಲಿ’ ಎಂದು ಎಂಟು ಸಲ. ಇಲ್ಲಿ ಒಂದು ಸೂಕ್ಷ್ಮವಿದೆ. ಲಂಡನ್ನಿನವರು ಮಾತಾಡುವಾಗ ನಡುವಿನ ರಕಾರ ನುಂಗಿ ‘ಬಾಲಿ’ ಎನ್ನುತ್ತಾರೆ. ರಾನ್ ತನ್ನ ಹುಟ್ಟಿದ ಬಾಯಿಯಲ್ಲೇ ಹಾಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹಾಡುವಾಗ ಅವನಿಗೆ ಅಮೆರಿಕದವರ ಮೂಗು ಬರುತ್ತಿತ್ತು. ರಕಾರವನ್ನು ಹೊರಳಿಸಿ, ಕೊನೆಯನ್ನು ಎಳೆದು, ಎರಡೂ ಕೈ ಚಾಚಿ ಅವನು ಹಾಡಿದ್ದು ಅತ್ತೆಯ ಕಿವಿಯಲ್ಲಿ “ಬಾರ್ಲೇ... ಬಾರ್ಲೇ...” ಎಂದಾಯಿತು.

ಧಾರವಾಡದ ಕಡೆಯವರಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ‘ಬರ್ರಿ’ ಅಂದರೆ ಮರ್ಯಾದೆ, ‘ಬಾ’ ಅಂದರೆ ಸಲಿಗೆ, ‘ಬಾರ್ಲೇ’ ಅಂದರೆ ಸಲಿಗೆಯ ತುತ್ತತುದಿ. ಒಂದೇ ತಾಟಿನಲ್ಲಿ ಉಂಡವರು, ಕಿತ್ತಾಡಿ ಅಂಗಿ ಹರಿದುಕೊಂಡವರು, ಬೈಯುವ ಹಕ್ಕಿರುವವರು ಮಾತ್ರ ಹಾಗೆ ಕರೆಯಬಹುದು. ಅದೂ ಸಾಮಾನ್ಯವಾಗಿ ಗಂಡುಹುಡುಗರನ್ನು.

ಅತ್ತೆ ಎದ್ದಳು. ಆಲೂಗಡ್ಡೆ ಚುಚ್ಚಿದ್ದ ಫೋರ್ಕನ್ನು ಕೈಯಲ್ಲೇ ಹಿಡಿದು ನೇರ ವೇದಿಕೆಗೆ ನಡೆದಳು. ಕುಣಿಯಲು ಬಂದಳೆಂದು ತಿಳಿದು ರಾನ್ ಇನ್ನೂ ಜೋರಾಗಿ ‘ಬಾರ್ಲೇ’ ಎಂದ. ಹಾಡು ಮುಗಿಯುವವರೆಗೆ ಅವಳು ಅಲ್ಲೇ ನಿಂತಿದ್ದು, ಆಮೇಲೆ ಅವನನ್ನು ಕನ್ನಡದಲ್ಲೇ ಯಾವ ಊರಪ್ಪಾ ನಿಂದು ಎಂದು ವಿಚಾರಿಸಿದಳಂತೆ. ಅವನು ನಕ್ಕು ಹ್ಯಾಟು ಎತ್ತಿದ. ಮುಂದಿನ ಭಾನುವಾರ ಅತ್ತೆ ರೊಟ್ಟಿ ಬಡಿಯುತ್ತಾ ನಮಗೆ ಸುದ್ದಿ ಕೊಟ್ಟಳು: “ನಮ್ಮ ಕಡೆ ಇದ್ದು ಬಂದಾನ. ಹೇಳವಲ್ಲ, ಅಷ್ಟ.”

ಅವಳು ಬ್ಯಾಂಡಿನವರಿಂದಲೇ ಕೊಂಡು ತಂದಿದ್ದ ಕ್ಯಾಸೆಟ್ ಹಾಕಿ ಕೇಳಿದೆವು. ನಾನು ವಿದ್ಯಾವಂತನ ಠೀವಿಯಲ್ಲಿ ತಿಳಿಸಿ ಹೇಳಿದೆ, ಅದು ಬಾರ್ಲಿ, ಅಂದರೆ ಜವೆಗೋದಿ, ಒಂದು ಧಾನ್ಯ ಎಂದು. ಅತ್ತೆ ರೊಟ್ಟಿ ತಿರುವಿ ಹಾಕಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಜ್ವಾಳದ ಚೀಲದ ಮುಂದ ನಿಂತು ಯಾರರ ಇಷ್ಟು ಪ್ರೀತಿಲೆ ಕರೀತಾರೇನು? ಏನು ಓದಿದ್ಯೋ ಏನೋ.”

ನನ್ನ ಹೆಂಡತಿ ನಗು ತಡೆಯಲಾರದೆ ನೀರು ಕುಡಿಯುವ ನೆಪ ಮಾಡಿದಳು. ಮಾಮಾ ಪೇಪರಿನ ಹಿಂದೆ ಇದ್ದರು.

ಅಲ್ಲಿಂದ ಅತ್ತೆ ಆ ಬ್ಯಾಂಡಿನ ಬೆನ್ನು ಹತ್ತಿದಳು. ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಅವರು ಹತ್ತಿರದ ಪಬ್ಬೊಂದರ ಹಿಂದಿನ ಕೋಣೆಯಲ್ಲಿ ನುಡಿಸುತ್ತಿದ್ದರು. ಇಳಕಲ್ ಸೀರೆ, ಮೇಲೊಂದು ದಪ್ಪ ಕೋಟು, ಕೈಯಲ್ಲಿ ಚುರುಮುರಿಯ ಡಬ್ಬಿ: ಹೀಗೆ ಅತ್ತೆ ಮುಂದಿನ ಕುರ್ಚಿಯಲ್ಲಿ ವಿರಾಜಮಾನಳಾಗುವಳು. ಪಬ್ಬಿಗೆ ಹೋಗಿ ಕಿತ್ತಳೆರಸ ಕುಡಿಯುತ್ತಾ, ಡ್ರಮ್ಮಿನವನಿಗೆ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಸುತ್ತಿ ಕೊಡುವ ಹೆಂಗಸನ್ನು ಫೆಲ್ಥಮ್ ಅದುವರೆಗೆ ಕಂಡಿರಲಿಲ್ಲ. ಮಾಮಾ ಮೊದಮೊದಲು ಹೊರಗೆ ಕಾರಿನಲ್ಲೇ ಕೂತು ಪೇಪರ್ ಓದುತ್ತಿದ್ದರು. ಚಳಿ ಹೆಚ್ಚಾದ ಮೇಲೆ ಒಳಗೆ ಬಂದು ಓದತೊಡಗಿದರು.

ಇನ್ನು ಆ ಹಾಡಿಗೆ ಫೆಲ್ಥಮ್ ಕೊಟ್ಟ ಸ್ವಾಗತದ ವಿಷಯ. ಬೇರೆಯವರ ಪ್ರಸಿದ್ಧ ಹಾಡುಗಳಿಗೆ ಕಾಲು ಕುಣಿಸುತ್ತಿದ್ದ ಜನ, ‘ಬಾರ್ಲಿ’ ಶುರುವಾದೊಡನೆ ಎದ್ದು ಬಿಯರ್ ತರಲು ಹೋಗುತ್ತಿದ್ದರು. ಬಾರ್ಲಿ ಎಂದರೆ ಬಾರಿನ ಕಡೆ ಹೋಗಿ ಎಂಬ ಸೂಚನೆ ಎಂದು ತಿಳಿದಿದ್ದರೋ ಏನೋ! ಹೀಗಾಗಿ ಪಬ್ಬಿನ ಮಾಲೀಕನಿಗೆ ಮಾತ್ರ ಆ ಹಾಡಿನ ಮೇಲೆ ಬಲು ಅಭಿಮಾನ. ರಾನ್ ಒಂದು ರೇಡಿಯೋದವರಿಗೂ ಕ್ಯಾಸೆಟ್ ಕಳಿಸಿದ್ದನಂತೆ. ಕ್ಯಾಸೆಟ್ಟಿನ ಡಬ್ಬಿ ಬಹಳ ಗಟ್ಟಿಯಾಗಿದೆ ಎಂಬರ್ಥದ ಸೌಜನ್ಯದ ಪತ್ರ ಬಂದಿತಂತೆ.

ಅತ್ತೆ ಒಬ್ಬಳೇ ಪ್ರಚಾರಕ್ಕಿಳಿದಳು. ಆ ವರ್ಷದ ಅವಳ ಮನೆಯ ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆಲ್ಲ ತೆಂಗಿನಕಾಯಿ, ಕುಬಸದ ಕಣ, ಜೊತೆಗೆ ಹ್ಯಾಟು ಹಾಕಿದ ನಾಲ್ವರು ಗಂಡಸರ ಚಿತ್ರವಿರುವ ಒಂದೊಂದು ಕ್ಯಾಸೆಟ್. ಬೆಂಗಳೂರಿನ ಒಬ್ಬ ಹೆಣ್ಣುಮಗಳು ಭಜನೆ ಇರಬೇಕೆಂದುಕೊಂಡು ದೇವರ ಮನೆಯಲ್ಲಿಟ್ಟು, ಶುಕ್ರವಾರ ಮಂಗಳಾರತಿಯ ಹೊತ್ತಿಗೆ ಹಾಕಿದಳಂತೆ. ನನ್ನ ಏಳು ವರ್ಷದ ಮಗ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು, ಸ್ನಾನದ ಟಬ್ಬಿನಲ್ಲಿ ಕೂತು “ಬಾರ್ಲೇ” ಎಂದು ಕಿರುಚತೊಡಗಿದ.

ಬೇಸಗೆ ಬಂತು. ಒಂದು ಭಾನುವಾರ ಅತ್ತೆ ಕೊನೆಯವರೆಗೆ ಕೂತರೂ ಹಾಡು ಬರಲಿಲ್ಲ. ಎರಡು ವಾರ ಬಿಟ್ಟು ಹೋದರೆ ಅಂದೂ ಇಲ್ಲ. ಅಂದು ನಾನೂ ಜೊತೆಗಿದ್ದೆ. ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತಿದ್ದ ರಾನ್‌ನ ಮುಂದೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವನು ಹ್ಯಾಟು ತೆಗೆದ. ಹ್ಯಾಟಿಲ್ಲದ ರಾನ್ ತೀರ ಸಾಧಾರಣ ಮನುಷ್ಯ, ಬೋಳುತಲೆ, ದಣಿದ ಮುಖ. ಜೊತೆಯವರು ಹಾಡು ಬಿಡೋಣ ಅಂದಿದ್ದಾರೆ, ಅದು ಯಾರಿಗೂ ಬೇಕಿಲ್ಲ ಎಂದ. ಮದುವೆಗೆ ಮುಂಚೆ ಹೆಂಡತಿಗೋಸ್ಕರ ಬರೆದದ್ದಂತೆ. ಒಮ್ಮೆ ಇಬ್ಬರೂ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಬಾರ್ಲಿಯ ಹೊಲ ಕಂಡಿತ್ತಂತೆ. ಅದು ಬಾರ್ಲಿಯಲ್ಲ, ಗೋದಿ ಎಂದು ಹೆಂಡತಿ ಮದುವೆಯಾದ ಮೇಲೆ ಹೇಳಿದಳಂತೆ. ಇಷ್ಟು ಹೇಳಿ ಅವನು ನಗಲು ನೋಡಿದ.

ಅತ್ತೆಗೆ ಇದರಲ್ಲಿ ಎಷ್ಟು ಇಂಗ್ಲಿಷಾಗಿ ತಲುಪಿತೋ, ಎಷ್ಟು ಕನ್ನಡವಾಗಿ ತಲುಪಿತೋ ನಾನರಿಯೆ. “ಯು ಸಿಂಗ್. ಪೀಪಲ್ ಐ ಬ್ರಿಂಗ್” ಎಂದು ಹೇಳಿ ಹೊರಟುಬಿಟ್ಟಳು.

ತರುವುದೆಲ್ಲಿಂದ? ನಮ್ಮದೊಂದು ಪುಟ್ಟ ಕನ್ನಡ ಕೂಟವಿತ್ತು. ವರ್ಷಕ್ಕೊಮ್ಮೆ ವೆಂಬ್ಲಿಯ ಶಾಲೆಯೊಂದರ ಹಾಲ್ ಹಿಡಿದು ದೀಪಾವಳಿ ಮಾಡುತ್ತಿದ್ದೆವು. ಕಾರ್ಯಕ್ರಮ ಗೊತ್ತುಮಾಡುವ ಸಭೆಗೆ ಅತ್ತೆ ಟೇಪ್ ರೆಕಾರ್ಡರ್ ಸಮೇತ ಬಂದಳು. ಕಾರ್ಯದರ್ಶಿ ಮೈಸೂರಿನ ಒಬ್ಬ ಡಾಕ್ಟರು, ಗಡಿಯಾರ ನೋಡಿ ನಗುವಷ್ಟು ಶಿಸ್ತಿನ ಮನುಷ್ಯ. ಕನ್ನಡದ ವೇದಿಕೆಯ ಮೇಲೆ ಇಂಗ್ಲಿಷ್ ಹಾಡೇಕೆ ಎಂದು ಅವರು ನಯವಾಗಿ ಕೇಳಿದರು. ಹಾಡು ಕನ್ನಡದ್ದೇ ಎಂದಳು ಅತ್ತೆ. ಟೇಪ್ ಹಾಕಿದಳು. ಸಮಿತಿ ಕಣ್ಣು ಮುಚ್ಚಿ, ಶೋಕಸಭೆಯಲ್ಲಿ ಕೂತಂತೆ ಕೂತು ಕೇಳಿತು.

ಡಾಕ್ಟರು ಕನ್ನಡಕ ಒರೆಸಿಕೊಂಡರು. “ಕನ್ನಡ ಅಂತಲೇ ಇಟ್ಕೊಳ್ಳೋಣಮ್ಮ. ಆದ್ರೆ ಪ್ರೀತಿಸಿದ ಹುಡುಗೀನ ಯಾರಾದ್ರೂ ‘ಬಾರ್ಲೇ’ ಅಂತ ಕರೀತಾರಾ? ಸ್ವಲ್ಪ ಒರಟಾಯ್ತಲ್ವಾ?”

ಅಷ್ಟೇ ಸಾಕಾಯಿತು. ವಿಜಯಪುರದವರು ಎದ್ದು, ನಿಮ್ಮ ಮೈಸೂರಿನಲ್ಲಿ ಪ್ರೀತಿಸುವವರು ಅರ್ಜಿ ಹಾಕಿಕೊಳ್ಳುತ್ತಾರೋ ಎಂದು ಕೇಳಿದರು. ಬೆಳಗಾವಿಯವರು ‘ಲೇ’ ಎಂಬುದರ ಮಹಿಮೆಯ ಬಗ್ಗೆ ಕಾಲು ಗಂಟೆ ಮಾತಾಡಿದರು. ಕರ್ನಾಟಕದ ಏಕೀಕರಣ ಇನ್ನೇನು ರದ್ದಾಗಬೇಕು, ಅಷ್ಟರಲ್ಲಿ ಖಜಾಂಚಿ ಕೈಯೆತ್ತಿದರು. ಅವರು ಉಡುಪಿ ಕಡೆಯ ಕ್ಯಾಥೊಲಿಕ್ ಮನೆಯವರು, ಮನೆಮಾತು ಕೊಂಕಣಿ, ಯೌವನದಲ್ಲಿ ಗಿಟಾರ್ ಹಿಡಿದು ಮದುವೆಗಳಲ್ಲಿ ಇಂಥದೇ ಹಾಡು ಹಾಡಿದವರು.

“ಒಂದು ಶಬ್ದ ಆದ್ರೂ ಕನ್ನಡ ಉಂಟಲ್ಲ ಡಾಕ್ಟ್ರೆ” ಎಂದರು. “ನಮ್ಮ ಮಕ್ಕಳ ಬಾಯಲ್ಲಿ ಅಷ್ಟೂ ಇಲ್ಲ ಮಾರಾಯ್ರೆ.”

ಭರತನಾಟ್ಯಕ್ಕೂ ಮಕ್ಕಳ ಛದ್ಮವೇಷಕ್ಕೂ ನಡುವೆ ಆರು ನಿಮಿಷ ಮಂಜೂರಾಯಿತು.

ದೀಪಾವಳಿಯ ಆ ಮಧ್ಯಾಹ್ನ ನಾಲ್ಕು ಹ್ಯಾಟುಗಳು ಒಳಗೆ ಬಂದಾಗ, ಛದ್ಮವೇಷದ ಮಕ್ಕಳ ಸರತಿ ಬೇಗ ಬಂತೆಂದು ಯಾರೋ ಚಪ್ಪಾಳೆ ಹೊಡೆದರು. ಅತ್ತೆ ಹೇಳಿಕೊಟ್ಟಂತೆ ರಾನ್ ಮೈಕಿನ ಮುಂದೆ ನಿಂತು “ಎಲ್ಲಾರಿಗೂ ನಮಸ್ಕಾರ್ರೀ” ಎಂದ. ಅತ್ತೆ ಮುಂದಿನ ಸಾಲಿನಲ್ಲಿ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಮೊದಲ ಚರಣ ಮುಗಿಯುವವರೆಗೆ ಇನ್ನೂರು ಮಂದಿ ಕನ್ನಡಿಗರು ಕೆಮ್ಮಲಿಲ್ಲ ಸಹ. ಪಬ್ಬಿನಲ್ಲಾದರೆ ಜನ ಎದ್ದಾದರೂ ಹೋಗುತ್ತಿದ್ದರು. ಇಲ್ಲಿ ಬಾಗಿಲ ಬಳಿ ಊಟದ ಕೂಪನ್ ಕೊಡುವವರು ನಿಂತಿದ್ದರು.

ಪಲ್ಲವಿ ಬಂತು. ರಾನ್ ಎರಡೂ ಕೈ ಚಾಚಿ ಮೊದಲ “ಬಾರ್ಲೇ” ಎಳೆದ.

ಹಿಂದಿನ ಸಾಲಿನಿಂದ ಒಂದು ಸಿಳ್ಳೆ. ಕಲಬುರಗಿಯ ದನಿಯೊಂದು “ಬಂದ್ನೋ ಯಪ್ಪಾ” ಎಂದು ಓಗೊಟ್ಟಿತು. ಎರಡನೆಯ “ಬಾರ್ಲೇ”ಗೆ ಅರ್ಧ ಹಾಲ್ ದನಿಗೂಡಿಸಿತು. ನಾಲ್ಕನೆಯದಕ್ಕೆ ಮಕ್ಕಳೆಲ್ಲ ವೇದಿಕೆಯ ಮುಂದೆ. ಹನುಮಂತನ ಬಾಲ, ಕಿತ್ತೂರು ಚೆನ್ನಮ್ಮನ ಕತ್ತಿ ಎಲ್ಲ ಒಂದೇ ತಾಳಕ್ಕೆ ಕುಣಿಯುತ್ತಿದ್ದವು. ಅಪ್ಪಂದಿರು ಮಕ್ಕಳನ್ನು, ಮಕ್ಕಳು ಅಪ್ಪಂದಿರನ್ನು “ಬಾರ್ಲೇ” ಎಂದು ಕರೆದು ಎಳೆದರು. ಮೈಸೂರಿನವರು ಸಹ ಬೆರಳ ತುದಿಯಿಂದ ತಾಳ ಹಾಕಿದರು. ಡಾಕ್ಟರ ತುಟಿ ಅಲುಗಿದ್ದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹಾಡನ್ನು ಮೂರು ಸಲ ಹಾಡಿಸಿದರು. ಊಟ ತಡವಾಯಿತು, ಯಾರೂ ಜಗಳ ಆಡಲಿಲ್ಲ. ನಮ್ಮ ಕೂಟದ ಚರಿತ್ರೆಯಲ್ಲಿ ಅದೊಂದೇ ಸಲ.

ಹಾಡು ಮುಗಿದ ಮೇಲೆ ರಾನ್ ವೇದಿಕೆಯ ಪಕ್ಕ ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕೂತು ಹ್ಯಾಟನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದ. ಹಾಡು ಕೇಳಲು ಬಂದಿದ್ದ ಅವನ ಹೆಂಡತಿ ಪಕ್ಕದಲ್ಲಿ ನಿಂತು ಅವನ ಬೆನ್ನು ಸವರುತ್ತಿದ್ದಳು. ಅತ್ತೆ ಇಬ್ಬರಿಗೂ ಬಾಳೆಲೆಯಂಥ ಕಾಗದದ ತಟ್ಟೆಯಲ್ಲಿ ಹೋಳಿಗೆ ತಂದು ಕೊಟ್ಟಳು, ಮೇಲೆ ತುಪ್ಪ ಸುರಿದು.

ಸಂಜೆ ಪಾತ್ರೆಗಳನ್ನೆಲ್ಲ ಡಿಕ್ಕಿಗೆ ತುಂಬಿ ಹೊರಟೆವು. ಹೆಂಡತಿ ಮಗ ಬೇರೆಯವರ ಕಾರಿನಲ್ಲಿ ಮೊದಲೇ ಹೋಗಿದ್ದರು. ಮಾಮಾ ನನ್ನನ್ನು ರೇನರ್ಸ್ ಲೇನ್‌ನಲ್ಲಿ ಇಳಿಸಿ ಫೆಲ್ಥಮ್‌ಗೆ ಹೋಗುವವರು. ಅತ್ತೆ ಮುಂದೆ, ನಾನು ಹಿಂದೆ, ತೊಡೆಯ ಮೇಲೆ ಅನ್ನದ ಬೋಗುಣಿ. ಗೆದ್ದವಳ ಗತ್ತಿನಲ್ಲಿ ಕೂತಿದ್ದ ಅತ್ತೆಯನ್ನು ಕೆಣಕಬೇಕೆನಿಸಿತು.

“ಅತ್ತಿ, ಈಗರ ಖರೇ ಹೇಳು. ಅದು ಬಾರ್ಲಿ ಅಂತ ನಿನಗ ಗೊತ್ತಿದ್ದಿಲ್ಲೇನು?”

“ಮೊದಲನೇ ದಿನಾನ ಗೊತ್ತಿತ್ತು” ಎಂದಳು ಅತ್ತೆ. “ದಿನಾ ಸೂಪಿಗೆ ಹಾಕ್ತೇವಿ. ಚೀಲದ ಮ್ಯಾಲ ಇಷ್ಟು ದೊಡ್ಡ ಅಕ್ಷರದಾಗ ಬರದಿರತೈತಿ.”

ನಾನು ನಗಲು ಬಾಯಿ ತೆರೆದೆ. ಅವಳು ನಗುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಳು.

“ನಾಲ್ಕು ಹೆಣ್ಣಾದ ಮ್ಯಾಲ ಹುಟ್ಟಿದಾಕಿ ನಾ. ನಿಮ್ಮಪ್ಪಗ ಆಡಾಕ ತಮ್ಮ ಬೇಕಾಗಿತ್ತು. ತಮ್ಮ ಹುಟ್ಟಲಿಲ್ಲ. ಅದಕ ನನ್ನ ‘ಬಾರ್ಲೇ’ ಅಂತಿದ್ದ. ಮದುವ್ಯಾಗಿ ಇಲ್ಲಿಗೆ ಬಂದ ಮ್ಯಾಲೂ ಫೋನಿನಾಗ ಅದ. ‘ಯಾವಾಗ ಬರ್ತೀಲೇ? ಬಾರ್ಲೇ ಒಮ್ಮೆ’ ಅಂತ.”

ಹಿಂದಿನ ವರ್ಷ ದಸರೆಯ ಹೊತ್ತಿಗೆ ನನ್ನ ತಂದೆ ಧಾರವಾಡದಲ್ಲಿ ತೀರಿಕೊಂಡಿದ್ದರು. ನಾನು ಹೋಗಿ ಬಂದಿದ್ದೆ. ಅತ್ತೆಗೆ ರಜೆ ಸಿಕ್ಕಿರಲಿಲ್ಲ. ಆ ಕ್ರಿಸ್ಮಸ್ ಊಟ ನಡೆದದ್ದು ಅದಾಗಿ ಎರಡೇ ತಿಂಗಳಿಗೆ. ಈ ಲೆಕ್ಕವನ್ನು ನಾನು ಒಮ್ಮೆಯೂ ಹಾಕಿ ನೋಡಿರಲಿಲ್ಲ. ತಂದೆಯನ್ನು ಕಳೆದುಕೊಂಡವನು ನಾನೊಬ್ಬನೇ ಎಂಬಂತೆ ಇಡೀ ವರ್ಷ ಅವಳ ಮನೆಯಲ್ಲಿ ಕೂತು ರೊಟ್ಟಿ ಉಂಡಿದ್ದೆ.

“ಈಗ ಎಲ್ಲಾರೂ ಮರ್ಯಾದಿ ಕೊಡ್ತಾರ” ಎಂದಳು ಅತ್ತೆ. “ಅತ್ತಿ ಅಂತಾರ, ಆಂಟಿ ಅಂತಾರ. ಬಾರ್ಲೇ ಅನ್ನವ್ರು ಒಬ್ರೂ ಉಳೀಲಿಲ್ಲ.”

ಕಾರು ಒಂದು ಸಿಗ್ನಲ್ ದಾಟಿತು. ಆಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಮಾಮಾ ಬಾಯಿ ಬಿಟ್ಟರು.

“ನಾ ಕರೀಲೇನು ಹಂಗ?”

“ಬ್ಯಾಡ್ರಿ” ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ. “ನಿಮ್ಮ ಬಾಯಾಗ ಅದು ಬೈದಂಗ ಕೇಳತೈತಿ.”

ಮಾಮಾ ತಲೆಯಾಡಿಸಿದರು. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದರಲ್ಲಿ ಹುಡುಕಿ ಕ್ಯಾಸೆಟ್ ತೆಗೆದು ಒಳಗೆ ತಳ್ಳಿದರು. ಹಾಡು ಶುರುವಾಯಿತು. ಅತ್ತೆ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.

ರೇನರ್ಸ್ ಲೇನ್ ಬಂತು. ನಮ್ಮ ಬೀದಿ ಬಂತು. ಮನೆಯ ಮುಂದೆ ಮಗ ದೀಪ ಹಚ್ಚಿಟ್ಟಿದ್ದದ್ದು ಕಾಣಿಸಿತು. ಎರಡನೆಯ ಪಲ್ಲವಿ ಇನ್ನೂ ಬಂದಿರಲಿಲ್ಲ. ಮಾಮಾ ಕಾರು ನಿಲ್ಲಿಸಲಿಲ್ಲ. ನಿಧಾನವಾಗಿ ಮನೆಯನ್ನು ದಾಟಿ, ಬೀದಿಯ ಕೊನೆಗೆ ಹೋಗಿ ಎಡಕ್ಕೆ ತಿರುಗಿಸಿದರು. ನಾನೂ ಅನ್ನದ ಬೋಗುಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಪಲ್ಲವಿಗೆ ಕಾದೆ.